ಆಕ್ಸೈಡ್ ಪದರಕ್ಕೆ ಲೇಸರ್ ಸಿವಿಡಿ ಬೇಕಾ? ಯಾವಾಗ ಬೇಕು, ಯಾವಾಗ ಬೇಡ

ಸೆರಾಮಿಕ್ ಆಕ್ಸೈಡ್ ಪದರ ಬೆಳೆಸಬೇಕು ಅಂತ ಹೊರಟವರು ಮೊದಲು ಕೇಳೋದು ‘ಯಾವ ವಿಧಾನ ಒಳ್ಳೇದು’ ಅಂತ. ಹಾಗೆ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಅವರವರ ಲ್ಯಾಬ್‌ನಲ್ಲಿ ಯಾವ ಯಂತ್ರ ಇದೆಯೋ ಅದನ್ನೇ ಹೊಗಳುತ್ತಾರೆ, ಅದು ಸಹಜ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ಪದರ ಎಷ್ಟು ದಪ್ಪ ಇರಬೇಕು? ಕೆಳಗಿನ ಸಬ್‌ಸ್ಟ್ರೇಟ್, ಅಂದರೆ ಪದರ ಕೂರುವ ತಳದ ವಸ್ತು, ಎಷ್ಟು ಬಿಸಿ ತಡೆಯುತ್ತದೆ? ಆ ಆಕ್ಸೈಡ್‌ನಲ್ಲಿ ಎಷ್ಟು ಬಗೆಯ ಲೋಹ ಸೇರಿವೆ? ಈ ಮೂರಕ್ಕೆ ಉತ್ತರ ಇದ್ದರೆ ಮುಕ್ಕಾಲು ಆಯ್ಕೆ ಅಲ್ಲೇ ಮುಗಿಯುತ್ತದೆ.

ಈ ಬರಹದ ನಡುವೆ ಇರೋದು ಲೇಸರ್ ಸಿವಿಡಿ. ಸಿವಿಡಿ ಅಂದರೆ ಕೆಮಿಕಲ್ ವೇಪರ್ ಡೆಪೊಸಿಷನ್, ಆವಿಯಿಂದ ರಾಸಾಯನಿಕ ಕ್ರಿಯೆಯ ಮೂಲಕ ಪದರ ಬೆಳೆಸೋದು. ಲೋಹದ ಸಂಯುಕ್ತವನ್ನು ಆವಿ ಮಾಡಿ ಚೇಂಬರ್‌ಗೆ ಬಿಡೋದು, ಲೇಸರ್‌ನ ಶಕ್ತಿಯಿಂದ ಅದು ಒಡೆದು ಸಬ್‌ಸ್ಟ್ರೇಟ್ ಮೇಲೆ ಆಕ್ಸೈಡ್ ಆಗಿ ಕೂರೋದು, ಇಷ್ಟೇ ಅದರ ತಿರುಳು. ಅದರ ಪರ ವಕಾಲತ್ತು ಮಾಡೋದು ನನ್ನ ಉದ್ದೇಶ ಅಲ್ಲ. ಅದು ಗೆಲ್ಲುವ ಜಾಗ ಚಿಕ್ಕದು. ಆದರೆ ಆ ಜಾಗದಲ್ಲಿ ಅದಕ್ಕೆ ಸಾಟಿ ಕಡಿಮೆ.

ಎರಡರಲ್ಲೂ ಲೇಸರ್, ಕೆಲಸ ಮಾತ್ರ ಬೇರೆ

ಪಿಎಲ್‌ಡಿ, ಅಂದರೆ ಪಲ್ಸ್ಡ್ ಲೇಸರ್ ಡೆಪೊಸಿಷನ್, ಲೇಸರ್ ಸಿವಿಡಿಯ ಅಣ್ಣನೋ ತಮ್ಮನೋ ಅಂತ ಹಲವರು ಅಂದುಕೊಂಡಿರುತ್ತಾರೆ. ಅಲ್ಲ. ಪಿಎಲ್‌ಡಿಯಲ್ಲಿ ಲೇಸರ್ ಬೀಳೋದು ಟಾರ್ಗೆಟ್ ಮೇಲೆ. ನಮಗೆ ಬೇಕಾದ ಆಕ್ಸೈಡ್‌ನದ್ದೇ ಒಂದು ಗಟ್ಟಿ ಬಿಲ್ಲೆ ಅದು. ಕೆಲವೇ ಹತ್ತು ನ್ಯಾನೋಸೆಕೆಂಡ್ ಇರುವ ಪಲ್ಸ್ ಬಿದ್ದಾಗ ಟಾರ್ಗೆಟ್‌ನ ಮೇಲ್ಪದರ ಸಿಡಿದು, ಹೊಳೆಯುವ ಜ್ವಾಲೆಯ ಹಾಗೆ ಮುಂದೆ ಹಾರಿ, ಎದುರಿಗಿರುವ ಸಬ್‌ಸ್ಟ್ರೇಟ್ ಮೇಲೆ ಕೂರುತ್ತದೆ. ಸಬ್‌ಸ್ಟ್ರೇಟ್ ಬಿಸಿ ಮಾಡೋಕೆ ಬೇರೆಯೇ ಹೀಟರ್ ಇರುತ್ತದೆ. 1987ರಲ್ಲಿ ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿ ಟಿ. ವೆಂಕಟೇಶನ್ ಮತ್ತು ಜೊತೆಗಾರರು ಯಟ್ರಿಯಂ-ಬೇರಿಯಂ-ತಾಮ್ರದ ಸೂಪರ್‌ಕಂಡಕ್ಟರ್ ಆಕ್ಸೈಡನ್ನು ಹೀಗೆ ಪದರ ಮಾಡಿ ತೋರಿಸಿದ ಮೇಲೆ ಈ ವಿಧಾನ ಎಲ್ಲ ಕಡೆ ಹಬ್ಬಿತು. ಕಾರಣ ಸರಳ: ಟಾರ್ಗೆಟ್‌ನಲ್ಲಿ ಯಾವ ಲೋಹ ಎಷ್ಟು ಪಾಲು ಇದೆಯೋ, ಪದರದಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಲೇಸರ್ ಸಿವಿಡಿಯಲ್ಲಿ ಟಾರ್ಗೆಟ್ ಅನ್ನೋದೇ ಇಲ್ಲ. ಲೋಹ ಬರೋದು ಆವಿಯ ರೂಪದಲ್ಲಿ, ಪೈಪ್ ಮೂಲಕ. ಲೇಸರ್‌ನ ಕೆಲಸವೂ ಬೇರೆ, ಮತ್ತು ಇಲ್ಲಿ ಇನ್ನೊಂದು ಕವಲು ಇದೆ. ಒಂದು ಬಗೆಯಲ್ಲಿ ಲೇಸರ್ ಬರೀ ಬಿಸಿ ಮಾಡುತ್ತದೆ. ಸಬ್‌ಸ್ಟ್ರೇಟ್ ಕಾದು, ಅದರ ಮೇಲೆ ಬಂದ ಆವಿ ಒಡೆಯುತ್ತದೆ. ಇನ್ನೊಂದು ಬಗೆಯಲ್ಲಿ ಅಲ್ಟ್ರಾವಯಲೆಟ್ ಲೇಸರ್ ಆವಿಯ ಅಣುವನ್ನೇ ನೇರವಾಗಿ ಒಡೆಯುತ್ತದೆ. ಸಬ್‌ಸ್ಟ್ರೇಟ್ ಅಷ್ಟು ಬಿಸಿ ಆಗಬೇಕಿಲ್ಲ. 1982ರಲ್ಲಿ ಅಮೆರಿಕದ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯ ತಂಡ ಸೈಲೇನ್ ಮತ್ತು ನೈಟ್ರಸ್ ಆಕ್ಸೈಡ್ ಅನಿಲಗಳ ಮೇಲೆ 193 ನ್ಯಾನೋಮೀಟರ್ ತರಂಗಾಂತರದ ಎಕ್ಸೈಮರ್ ಅನ್ನೋ ಅಲ್ಟ್ರಾವಯಲೆಟ್ ಲೇಸರ್ ಬಿಟ್ಟು ಸಿಲಿಕಾ (ಸಿಲಿಕಾನ್ ಆಕ್ಸೈಡ್) ಪದರ ಬೆಳೆಸಿತ್ತು. ಬಿಸಿ ತಾಳದ ಚಿಪ್ ಮೇಲೆ ಆಕ್ಸೈಡ್ ಹಾಕೋದು ಹೇಗೆ ಅನ್ನೋ ಪ್ರಶ್ನೆಗೆ ಆಗ ಅದೊಂದು ಒಳ್ಳೆ ದಾರಿ ಅನ್ನಿಸಿತ್ತು.

ಈ ಕವಲು ಗಮನದಲ್ಲಿ ಇಟ್ಟುಕೊಳ್ಳಿ. ‘ಲೇಸರ್ ಸಿವಿಡಿಯಲ್ಲಿ ತುಂಬಾ ವೇಗ’ ಅಂತ ಒಬ್ಬರು, ‘ತುಂಬಾ ಕಡಿಮೆ ಬಿಸಿ ಸಾಕು’ ಅಂತ ಇನ್ನೊಬ್ಬರು ಹೇಳಿದರೆ ಅವರು ಎರಡು ಬೇರೆ ಯಂತ್ರಗಳ ಬಗ್ಗೆ ಮಾತಾಡುತ್ತಿದ್ದಾರೆ. ಎರಡೂ ಒಟ್ಟಿಗೆ ಸಿಗುತ್ತದೆ ಅಂತ ನಂಬಿ ಯೋಜನೆ ಬರೆದರೆ ಆಮೇಲೆ ಕಷ್ಟ.

ದಪ್ಪ ಮತ್ತು ಗಂಟೆಯ ಲೆಕ್ಕ

ಪಿಎಲ್‌ಡಿಯಲ್ಲಿ ಒಂದು ಪಲ್ಸ್‌ಗೆ 0.05 ನ್ಯಾನೋಮೀಟರ್ ಬೆಳೆಯುತ್ತದೆ, ಸೆಕೆಂಡಿಗೆ 10 ಪಲ್ಸ್ ಅಂತ ಇಟ್ಟುಕೊಳ್ಳೋಣ. 100 ನ್ಯಾನೋಮೀಟರ್ ಪದರಕ್ಕೆ 2000 ಪಲ್ಸ್ ಬೇಕು. 200 ಸೆಕೆಂಡಲ್ಲಿ ಕೆಲಸ ಮುಗೀತು. ಇಷ್ಟಕ್ಕೆ ಲೇಸರ್ ಸಿವಿಡಿ ಯಾಕೆ? ಬೇಡವೇ ಬೇಡ. ಈಗ ಅದೇ ಯಂತ್ರದಲ್ಲಿ 250 ಮೈಕ್ರೋಮೀಟರ್ ಬೇಕು ಅನ್ನಿ. 50 ಲಕ್ಷ ಪಲ್ಸ್. ಹತ್ತಿರ ಹತ್ತಿರ ಆರು ದಿನ, ನಡುವೆ ಎಲ್ಲೂ ನಿಲ್ಲಿಸದೆ. ಅಷ್ಟರಲ್ಲಿ ಟಾರ್ಗೆಟ್ ಗುಂಡಿ ಬಿದ್ದಿರುತ್ತದೆ, ಲೇಸರ್ ಚೇಂಬರ್ ಒಳಗೆ ಬರುವ ಕಿಟಕಿಗೆ ಕಿಟ್ಟ ಹಿಡಿದಿರುತ್ತದೆ.

ಎಎಲ್‌ಡಿ, ಅಂದರೆ ಅಟಾಮಿಕ್ ಲೇಯರ್ ಡೆಪೊಸಿಷನ್, ಅನಿಲಗಳನ್ನು ಸರದಿಯಲ್ಲಿ ಬಿಟ್ಟು ಸುತ್ತು ಸುತ್ತಾಗಿ ಬೆಳೆಸುವ ವಿಧಾನ, ಇನ್ನೂ ನಿಧಾನ. ಅಲ್ಯೂಮಿನಾಕ್ಕೆ (ಅಲ್ಯೂಮಿನಿಯಂ ಆಕ್ಸೈಡ್) ಒಂದು ಸುತ್ತಿನಲ್ಲಿ ಸುಮಾರು 0.1 ನ್ಯಾನೋಮೀಟರ್. ಒಂದು ಸುತ್ತು 10 ಸೆಕೆಂಡ್ ಹಿಡಿದರೆ 100 ನ್ಯಾನೋಮೀಟರ್‌ಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. 10 ಮೈಕ್ರೋಮೀಟರ್‌ಗೆ ಹನ್ನೊಂದೂವರೆ ದಿನ. ಯಾರೂ ಹಾಗೆ ಮಾಡಲ್ಲ, ಬಿಡಿ.

ಬಿಸಿ ಮಾಡುವ ಬಗೆಯ ಲೇಸರ್ ಸಿವಿಡಿಯ ಕಥೆ ಬೇರೆ. ಜಪಾನಿನ ಸೆಂಡೈನಲ್ಲಿರುವ ತೊಹೊಕು ವಿಶ್ವವಿದ್ಯಾಲಯದಲ್ಲಿ ತಕಾಶಿ ಗೋತೊ ಅವರ ತಂಡ 2003ರ ಸುಮಾರಿಗೆ ಯಟ್ರಿಯಾ (ಯಟ್ರಿಯಂ ಆಕ್ಸೈಡ್) ಬೆರೆತ ಜಿರ್ಕೋನಿಯಾವನ್ನು (ಜಿರ್ಕೋನಿಯಂ ಆಕ್ಸೈಡ್) ಗಂಟೆಗೆ 660 ಮೈಕ್ರೋಮೀಟರ್ ವೇಗದಲ್ಲಿ ಬೆಳೆಸಿ ತೋರಿಸಿತು. ಆ ವೇಗದಲ್ಲಿ 250 ಮೈಕ್ರೋಮೀಟರ್‌ಗೆ 23 ನಿಮಿಷ. ಮಾಮೂಲಿ ಫರ್ನೇಸ್ ಸಿವಿಡಿಯಲ್ಲಿ ಆಕ್ಸೈಡ್‌ಗಳು ಗಂಟೆಗೆ ಕೆಲವೇ ಮೈಕ್ರೋಮೀಟರ್ ಬೆಳೆಯೋದು ಸಾಮಾನ್ಯ.

ಇಷ್ಟು ವೇಗ ಎಲ್ಲಿಂದ ಬಂತು? ಫರ್ನೇಸ್‌ನಲ್ಲಿ ಗೋಡೆಯೂ ಬಿಸಿ, ಅನಿಲವೂ ಬಿಸಿ. ಬಿಸಿ ಏರಿಸುತ್ತಾ ಹೋದರೆ ಆವಿ ದಾರಿಯಲ್ಲೇ ಒಡೆದು ಪುಡಿಯಾಗುತ್ತದೆ, ಸಬ್‌ಸ್ಟ್ರೇಟ್‌ಗೆ ತಲುಪೋದು ಅಳಿದುಳಿದದ್ದು. ಲೇಸರ್‌ನಲ್ಲಿ ಬಿಸಿ ಇರೋದು ಸಬ್‌ಸ್ಟ್ರೇಟ್‌ನ ಮೇಲ್ಮೈಯಲ್ಲಿ ಮತ್ತು ಅದಕ್ಕೆ ಅಂಟಿದ ತೆಳು ಅನಿಲದಲ್ಲಿ ಮಾತ್ರ. ಹಾಗಾಗಿ ಆವಿಯನ್ನು ಧಾರಾಳವಾಗಿ ಬಿಡಬಹುದು. ಬಿಸಿ ಜಾಗ ಚಿಕ್ಕದಾದಷ್ಟೂ ಆವಿ ಸುತ್ತಲಿಂದ ಬಂದು ಸೇರುತ್ತದೆ.

ಆದರೆ ಈ ವೇಗದ ಅಂಕಿಯನ್ನು ನೋಡಿ ಮರುಳಾಗಬೇಡಿ. ಅದು ದಪ್ಪದ ವೇಗ, ವಿಸ್ತಾರದ್ದಲ್ಲ. ಸಾಮಾನ್ಯವಾಗಿ ಬೆರಳುಗುರಿನಷ್ಟು ಜಾಗದ ಮೇಲೆ ಅಳೆದದ್ದು. ದೊಡ್ಡ ಜಾಗ ಯಾಕೆ ಕಷ್ಟ ಅಂತ ಒಂದು ಸಣ್ಣ ಲೆಕ್ಕದಲ್ಲಿ ಗೊತ್ತಾಗುತ್ತದೆ. 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಪ್ಪು ಮೇಲ್ಮೈಯೊಂದು ಪ್ರತಿ ಚದರ ಸೆಂಟಿಮೀಟರ್‌ನಿಂದ ಸುಮಾರು 10.7 ವಾಟ್ ಶಾಖವನ್ನು ಬೆಳಕಾಗಿ ಹೊರಗೆ ಚೆಲ್ಲುತ್ತದೆ. ಒಂದು ಸೆಂಟಿಮೀಟರ್ ಚೌಕಕ್ಕೆ ಇದೇನೂ ದೊಡ್ಡದಲ್ಲ. ಹತ್ತು ಸೆಂಟಿಮೀಟರ್ ಚೌಕಕ್ಕೆ ಒಂದೇ ಮುಖದಿಂದ ಸಾವಿರ ವಾಟ್ ಮೀರುತ್ತದೆ. ಹಿಂಬದಿಯ ನಷ್ಟ, ಅನಿಲ ಹೊತ್ತೊಯ್ಯುವ ಶಾಖ, ಸಬ್‌ಸ್ಟ್ರೇಟ್ ಕೂತಿರುವ ಸ್ಟೇಜ್‌ಗೆ ಇಳಿದು ಹೋಗೋದು, ಪ್ರತಿಫಲಿಸಿ ವ್ಯರ್ಥವಾಗೋದು ಎಲ್ಲ ಇದರ ಮೇಲೆ. ಅಷ್ಟು ಶಕ್ತಿಯ ಲೇಸರ್ ಇಲ್ಲ ಅಂತಲ್ಲ. ಆದರೆ ಅಷ್ಟೂ ಜಾಗವನ್ನು ಒಂದೇ ಸಮ ಬಿಸಿ ಇಡೋದು ಬೇರೆ ಮಟ್ಟದ ತಲೆನೋವು.

ಜಿರ್ಕೋನಿಯಾ: ಅಂದವೂ ಇದೆ, ಪೈಪೋಟಿಯೂ ಇದೆ

ಗ್ಯಾಸ್ ಟರ್ಬೈನ್‌ನ ಬ್ಲೇಡ್‌ಗಳಿಗೆ ಶಾಖ ತಡೆಯುವ ಲೇಪ ಹಾಕುತ್ತಾರೆ. ತೂಕದಲ್ಲಿ 7ರಿಂದ 8 ಪ್ರತಿಶತ ಯಟ್ರಿಯಾ ಬೆರೆಸಿದ ಜಿರ್ಕೋನಿಯಾ ಅದು. ಬೆರೆಸದ ಜಿರ್ಕೋನಿಯಾ ಸುಮಾರು 1170 ಡಿಗ್ರಿ ಆಸುಪಾಸಿನಲ್ಲಿ ಹರಳಿನ ರೂಪ ಬದಲಿಸುತ್ತದೆ, ತಣ್ಣಗಾಗುವಾಗ ಉಬ್ಬಿ ಒಡೆಯುತ್ತದೆ. ಅದಕ್ಕೇ ಯಟ್ರಿಯಾ.

ಈ ಲೇಪಕ್ಕೆ ಉದ್ಯಮದಲ್ಲಿ ನೆಲೆ ನಿಂತಿರೋದು ಎರಡು ವಿಧಾನ. ಪ್ಲಾಸ್ಮಾ ಸ್ಪ್ರೇ ಒಂದು, ಎಲೆಕ್ಟ್ರಾನ್ ಬೀಮ್‌ನಿಂದ ಆವಿ ಮಾಡೋದು ಇನ್ನೊಂದು. ಎರಡನೇದರಲ್ಲಿ ಪದರ ಕಂಬ ಕಂಬವಾಗಿ ಬೆಳೆಯುತ್ತದೆ. ಕಂಬಗಳ ನಡುವೆ ಸಂದು ಇರೋದರಿಂದ ಕೆಳಗಿನ ಲೋಹ ಹಿಗ್ಗಿದಾಗ ಪದರವೂ ಜೊತೆಗೆ ಸರಿದುಕೊಡುತ್ತದೆ, ಬೇಗ ಸಿಪ್ಪೆ ಏಳಲ್ಲ.

ಲೇಸರ್ ಸಿವಿಡಿಯಲ್ಲೂ ಇಂಥದ್ದೇ ಕಂಬ ಬರುತ್ತದೆ. ಅಡ್ಡ ಮುರಿದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂದೊಂದು ಕಂಬವೂ ಹಕ್ಕಿಯ ಗರಿಯ ಹಾಗೆ ಕಾಣುತ್ತದೆ. ನಡುವೆ ಒಂದು ದಂಟು, ಎರಡೂ ಕಡೆ ಓರೆಯಾಗಿ ಕವಲು, ಕವಲುಗಳ ಒಳಗೆ ನ್ಯಾನೋಮೀಟರ್ ಗಾತ್ರದ ತೂತುಗಳು. ಆ ತೂತುಗಳು ಶಾಖ ಹರಿಯೋದನ್ನು ತಡೆಯುತ್ತವೆ. ಶಾಖ ತಡೆಯುವ ಲೇಪಕ್ಕೆ ಇದಕ್ಕಿಂತ ಏನು ಬೇಕು ಅಲ್ವಾ?

ಇನ್ನೊಂದು ಸೋಜಿಗ ಇದೆ. ಲೇಸರ್ ಶಕ್ತಿಯನ್ನು ನಿಧಾನವಾಗಿ ಏರಿಸುತ್ತಾ ಹೋದರೆ ಒಂದು ಹಂತದವರೆಗೆ ಪದರ ಮೆಲ್ಲಗೆ ಬೆಳೆಯುತ್ತದೆ. ಆ ಗಡಿ ದಾಟಿದ ಕೂಡಲೇ ಸಬ್‌ಸ್ಟ್ರೇಟ್ ಸುತ್ತ ಪ್ಲಾಸ್ಮಾದಂಥ ಪ್ರಖರ ಬೆಳಕು ಕಾಣಿಸಿಕೊಂಡು ವೇಗ ಒಮ್ಮೆಲೇ ಜಿಗಿಯುತ್ತದೆ. ಹಾಗಾಗಿ ಲೇಸರ್ ಶಕ್ತಿಯನ್ನು ಅರ್ಧ ಮಾಡಿದರೆ ವೇಗವೂ ಅರ್ಧ ಆಗುತ್ತದೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಗಡಿಯ ಯಾವ ಬದಿಯಲ್ಲಿ ಇದ್ದೀರಿ ಅನ್ನೋದೇ ಮುಖ್ಯ.

ಇಷ್ಟಾದರೂ ಬ್ಲೇಡ್‌ಗೆ ಲೇಪ ಹಾಕೋಕೆ ಲೇಸರ್ ಸಿವಿಡಿ ತರಬೇಕು ಅಂತ ನಾನು ಹೇಳಲ್ಲ. ಬ್ಲೇಡ್ ತಿರುಚಿಕೊಂಡಿರುತ್ತದೆ, ಎಲ್ಲ ಮುಖಕ್ಕೂ ಲೇಸರ್ ಸಮವಾಗಿ ಬೀಳಬೇಕು. ಎಲೆಕ್ಟ್ರಾನ್ ಬೀಮ್‌ನಲ್ಲಿ ಬ್ಲೇಡ್‌ಗಳನ್ನು ತಿರುಗಿಸುತ್ತಾ ಒಂದೇ ಸಲಕ್ಕೆ ಹಲವಕ್ಕೆ ಲೇಪ ಹಾಕುತ್ತಾರೆ. ಲೋಹ ಕತ್ತರಿಸುವ ಟೂಲ್‌ಗಳ ಅಲ್ಯೂಮಿನಾ ಲೇಪಕ್ಕೂ ಇದೇ ಮಾತು. ಅಲ್ಲಿ ಅಲ್ಯೂಮಿನಿಯಂ ಕ್ಲೋರೈಡ್, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಬಿಟ್ಟು ಸುಮಾರು 1000 ಡಿಗ್ರಿಯಲ್ಲಿ ಫರ್ನೇಸ್ ಸಿವಿಡಿ ಮಾಡುತ್ತಾರೆ. ಪದರ ನಿಧಾನ ಬೆಳೆದರೂ ಒಂದೇ ಸಲಕ್ಕೆ ಸಾವಿರಗಟ್ಟಲೆ ತುಂಡು ಹೊರಬರುತ್ತವೆ. ಲೇಸರ್ ಒಂದೊಂದೇ ತುಂಡನ್ನು ಬಿಸಿ ಮಾಡುತ್ತಾ ಕೂತರೆ ಯಾವ ಕಾಲಕ್ಕೆ ಮುಗಿಯೋದು? ಚಪ್ಪಟೆ ಮಾದರಿ, ದಪ್ಪ ಪದರ, ಸಂಶೋಧನೆ, ಅಥವಾ ದೊಡ್ಡ ಭಾಗದ ಒಂದೇ ಮೂಲೆಗೆ ಮಾತ್ರ ಲೇಪ. ಇಂಥ ಕಡೆ ಲೇಸರ್‌ಗೆ ಬೆಲೆ.

ಲೇಸರ್ ಸಿವಿಡಿ ಸರಿ, ಯಾವ ಲೇಸರ್?

ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಭಾಗ. ಯಾಕಂದರೆ ಇಲ್ಲಿ ತಪ್ಪಿದರೆ ಆಮೇಲೆ ಸರಿಪಡಿಸೋಕೆ ಜಾಗ ಇಲ್ಲ. ಲೇಸರ್, ಕಿಟಕಿ, ಸಬ್‌ಸ್ಟ್ರೇಟ್ ಮೂರನ್ನೂ ಒಟ್ಟಿಗೆ ನೋಡಬೇಕು.

ಎನ್‌ಡಿ-ಯಾಗ್ ಲೇಸರ್‌ನ ತರಂಗಾಂತರ 1064 ನ್ಯಾನೋಮೀಟರ್. ಮಾಮೂಲಿ ಕ್ವಾರ್ಟ್ಜ್ ಗಾಜಿನ ಕಿಟಕಿ ಮೂಲಕ ಆರಾಮಾಗಿ ಒಳಗೆ ಹೋಗುತ್ತದೆ, ಫೈಬರ್‌ನಲ್ಲೂ ತರಬಹುದು. ಅನುಕೂಲ. ಆದರೆ ನೀಲಮಣಿ, ಮೆಗ್ನೀಷಿಯಾದಂಥ ಸಬ್‌ಸ್ಟ್ರೇಟ್‌ಗಳು ಈ ಬೆಳಕಿಗೆ ಪಾರದರ್ಶಕ. ಕಿಟಕಿ ದಾಟಿದ ಹಾಗೆ ಸಬ್‌ಸ್ಟ್ರೇಟನ್ನೂ ದಾಟಿ ಕೆಳಗಿನ ಸ್ಟೇಜ್ ಬಿಸಿ ಮಾಡುತ್ತದೆ! ಪರಿಹಾರ ಎರಡು: ಕೆಳಗಿನ ಮುಖಕ್ಕೆ ಕಪ್ಪು ಲೇಪ ಬಳಿಯೋದು, ಇಲ್ಲವೇ ಸ್ಟೇಜನ್ನು ಮೊದಲೇ ಚೆನ್ನಾಗಿ ಕಾಯಿಸಿ, ಮೊದಲ ತೆಳು ಪದರ ಕೂತ ಮೇಲೆ ಅದೇ ಬೆಳಕು ಹೀರಲಿ ಅಂತ ಕಾಯೋದು.

ಕಾರ್ಬನ್ ಡೈಆಕ್ಸೈಡ್ ಲೇಸರ್‌ನದ್ದು 10.6 ಮೈಕ್ರೋಮೀಟರ್. ಆಕ್ಸೈಡ್‌ಗಳು ಇದನ್ನು ಮೇಲ್ಮೈಯಲ್ಲೇ ಹೀರಿಕೊಳ್ಳುತ್ತವೆ. ಅಲ್ಯೂಮಿನಾ ಆಗಲಿ, ಕ್ವಾರ್ಟ್ಜ್ ಆಗಲಿ, ಬಿದ್ದ ತಕ್ಷಣ ಬಿಸಿ. ಆದರೆ ಅದೇ ಕಾರಣಕ್ಕೆ ಕ್ವಾರ್ಟ್ಜ್ ಕಿಟಕಿ ಇಲ್ಲಿ ಕೆಲಸಕ್ಕೆ ಬಾರದು, ಕಿಟಕಿಯೇ ಕಾದು ಒಡೆಯುತ್ತದೆ. ಜಿಂಕ್ ಸೆಲೆನೈಡ್ ಕಿಟಕಿ ಬೇಕು. ಫೈಬರ್‌ನಲ್ಲಿ ತರೋದು ಕಷ್ಟ, ಕನ್ನಡಿಗಳಲ್ಲಿ ತಿರುಗಿಸಿ ತರಬೇಕು. ನಯವಾದ ಲೋಹದ ಸಬ್‌ಸ್ಟ್ರೇಟ್ ಆದರೆ ಈ ಬೆಳಕಿನ ಬಹುಪಾಲು ಪ್ರತಿಫಲಿಸಿ ವಾಪಸ್ ಬರುತ್ತದೆ, ಅದು ಅಪಾಯವೂ ಹೌದು.

ಸಿಲಿಕಾನ್‌ನದ್ದೊಂದು ವಿಚಿತ್ರ ಸ್ವಭಾವ. ತಣ್ಣಗಿರುವಾಗ 1064 ನ್ಯಾನೋಮೀಟರ್ ಬೆಳಕನ್ನು ಸ್ವಲ್ಪವೇ ಹೀರುತ್ತದೆ. ಬಿಸಿ ಆದಂತೆ ಹೀರುವ ಶಕ್ತಿ ಏರುತ್ತದೆ. ಹೀರಿದಷ್ಟೂ ಬಿಸಿ, ಬಿಸಿಯಾದಷ್ಟೂ ಹೀರೋದು. ‘ಏನೂ ಆಗ್ತಿಲ್ಲ’ ಅಂತ ಶಕ್ತಿ ಏರಿಸುತ್ತಾ ಹೋದವರಿಗೆ ಒಮ್ಮೆಲೇ ಕೆಂಪಗೆ ಕಾದ ವೇಫರ್ ಸಿಗುತ್ತದೆ. ಸ್ಟೇಜ್ ಹೀಟರ್‌ನಿಂದ ಮೊದಲೇ ಕೆಲವು ನೂರು ಡಿಗ್ರಿ ಮುಟ್ಟಿಸಿ ಆಮೇಲೆ ಲೇಸರ್ ಬಿಟ್ಟರೆ ಈ ಆಟ ತಪ್ಪುತ್ತದೆ.

ಎಕ್ಸೈಮರ್ ಲೇಸರ್‌ಗಳದ್ದು ಬೇರೆ ಜಾತಿ. 193 ನ್ಯಾನೋಮೀಟರ್‌ನಲ್ಲಿ ಒಂದು ಫೋಟಾನ್‌ಗೆ 6.4 ಎಲೆಕ್ಟ್ರಾನ್‌ವೋಲ್ಟ್, 248ರಲ್ಲಿ 5. ರಾಸಾಯನಿಕ ಬಂಧ ಮುರಿಯೋಕೆ ಸಾಕಾಗುವಷ್ಟು. 1064 ನ್ಯಾನೋಮೀಟರ್‌ನ ಫೋಟಾನ್‌ಗೆ ಇರೋದು 1.17 ಮಾತ್ರ, ಅದು ಬಿಸಿ ಮಾಡುತ್ತದೆ ಅಷ್ಟೇ. ಎಕ್ಸೈಮರ್ ತಗೊಂಡರೆ ಫ್ಲೋರಿನ್ ಅನಿಲದ ನಿರ್ವಹಣೆ, ಕಾಲಕಾಲಕ್ಕೆ ಅನಿಲ ಬದಲಿಸೋದು, ಕನ್ನಡಿ ಸವೆಯೋದು ಎಲ್ಲ ಜೊತೆಗೆ ಬರುತ್ತವೆ. ಸಬ್‌ಸ್ಟ್ರೇಟ್ ಬಿಸಿ ತಡೆಯುತ್ತದೆ ಅಂದಮೇಲೆ ಈ ರಗಳೆ ಯಾಕೆ ಅನ್ನೋದು ನನ್ನ ನಿಲುವು.

ಬೀಮ್‌ನ ಆಕಾರವನ್ನೂ ಮರೆಯಬೇಡಿ. ಸಾಮಾನ್ಯ ಲೇಸರ್ ಬೀಮ್ ನಡುವೆ ಪ್ರಖರ, ಅಂಚಿನಲ್ಲಿ ಮಂದ. ಪದರವೂ ಗುಡ್ಡದ ಹಾಗೆ ಬರುತ್ತದೆ. ಬಿಸಿ ಇನ್ನೂ ಜಾಸ್ತಿ ಆದರೆ ನಡುವೆ ಕುಳಿ ಬಿದ್ದು ಜ್ವಾಲಾಮುಖಿಯ ಬಾಯಿಯ ಆಕಾರ ಬರುವುದೂ ಉಂಟು. ಚಿಕ್ಕ ಗೆರೆ ಎಳೆಯೋಕೆ, ಚುಕ್ಕಿ ಇಡೋಕೆ ಇದು ತೊಂದರೆ ಅಲ್ಲ. ಸಮತಟ್ಟಾದ ಪದರ ಬೇಕಿದ್ದರೆ ಬೀಮನ್ನು ಅಗಲಿಸಿ ಸಮ ಮಾಡುವ ಆಪ್ಟಿಕ್ಸ್‌ಗೆ ಮೊದಲೇ ದುಡ್ಡು ತೆಗೆದಿಡಿ.

ಪ್ರಿಕರ್ಸರ್ ಇಲ್ಲದಿದ್ದರೆ ಲೇಸರ್ ಏನು ಮಾಡೀತು

ಪ್ರಿಕರ್ಸರ್ ಅಂದರೆ ಆವಿ ಮಾಡಿ ಒಳಗೆ ಬಿಡುವ ಆ ಲೋಹದ ಸಂಯುಕ್ತ. ಯಂತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಪ್ರಿಕರ್ಸರ್ ಬಗ್ಗೆ ಎರಡೇ ಮಾತಲ್ಲಿ ಮುಗಿಸುತ್ತಾರೆ. ಉಲ್ಟಾ ಆಗಬೇಕಿತ್ತು. ದಿನನಿತ್ಯದ ಗೋಳೆಲ್ಲ ಇರೋದು ಇಲ್ಲಿ.

ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಸುಲಭ. ಟೈಟಾನಿಯಂ ಐಸೋಪ್ರೊಪಾಕ್ಸೈಡ್ ಕೋಣೆಯ ಬಿಸಿಯಲ್ಲೇ ದ್ರವ, ಸ್ವಲ್ಪ ಕಾಯಿಸಿ ಆರ್ಗಾನ್ ಗುಳ್ಳೆ ಬಿಟ್ಟರೆ ಆವಿ ಜೊತೆಗೆ ಬರುತ್ತದೆ. ತೇವ ತಾಗಿದರೆ ಮಾತ್ರ ಬಿಳಿ ಪುಡಿ ಆಗಿಬಿಡುತ್ತದೆ. ಅಲ್ಯೂಮಿನಾಕ್ಕೆ ಅಲ್ಯೂಮಿನಿಯಂ ಅಸಿಟೈಲ್‌ಅಸಿಟೋನೇಟ್ ಪುಡಿ ಇದೆ, ಹೆಚ್ಚು ಕಾಟ ಕೊಡಲ್ಲ. ಜಿರ್ಕೋನಿಯಾಕ್ಕೆ ಜಿರ್ಕೋನಿಯಂ ಮತ್ತು ಯಟ್ರಿಯಂನ ಡಿಪಿಎಂ ಸಂಯುಕ್ತಗಳು (ಲೋಹಕ್ಕೆ ಡೈಪಿವಲೋಯ್ಲ್‌ಮೀಥೇನ್ ಅನ್ನೋ ಸಾವಯವ ಅಣು ಜೋಡಿಸಿದವು). ಇವು ಘನ ಪುಡಿ, ಆವಿ ಆಗೋಕೆ ಚೆನ್ನಾಗಿ ಕಾಯಿಸಬೇಕು. ಎರಡಕ್ಕೂ ಬೇರೆ ಬೇರೆ ಬಿಸಿ, ಬೇರೆ ಬೇರೆ ಪಾತ್ರೆ.

ಪೈಪ್‌ನ ವಿಷಯಕ್ಕೆ ಬನ್ನಿ. ಆವಿ ಮಾಡುವ ಪಾತ್ರೆಗಿಂತ ಚೇಂಬರ್‌ವರೆಗಿನ ಪೈಪ್ 10ರಿಂದ 20 ಡಿಗ್ರಿ ಜಾಸ್ತಿ ಬಿಸಿ ಇರಬೇಕು, ವಾಲ್ವ್ ಸಮೇತ. ಒಂದು ಕಡೆ ಹೀಟಿಂಗ್ ಟೇಪ್ ಸಡಿಲ ಆಗಿ ಎರಡು ಇಂಚು ಪೈಪ್ ತಣ್ಣಗಿದ್ದರೂ ಸಾಕು. ಆವಿ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಪದರದಲ್ಲಿ ಯಟ್ರಿಯಾ ಕಡಿಮೆ ಬಂತು ಅಂತ ಪಾತ್ರೆಯ ಬಿಸಿ ಏರಿಸುತ್ತೀರಿ. ಪೈಪ್ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಪಾಲು ತಪ್ಪಿದಾಗ ಮೊದಲು ಪೈಪ್ ಉದ್ದಕ್ಕೂ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಟ್ಟು ನೋಡಿ, ಆಮೇಲೆ ಉಳಿದದ್ದು.

ಲೋಹಗಳ ಸಂಖ್ಯೆ ಮೂರಕ್ಕೆ ಹೋದಾಗ ತೂಕ ಪಿಎಲ್‌ಡಿ ಕಡೆಗೆ ವಾಲುತ್ತದೆ. ಬೇರಿಯಂನ ಡಿಪಿಎಂ ಸಂಯುಕ್ತ ಅಂತೂ ಹಟಮಾರಿ. ಬೇಗ ಆವಿ ಆಗಲ್ಲ. ಆವಿ ಆಗುವ ಬಿಸಿಯಲ್ಲೇ ಕೆಡೋಕೂ ಶುರುವಾಗುತ್ತದೆ. ಬೆಳಿಗ್ಗೆ ಬಂದ ಪಾಲು ಸಂಜೆ ಬರಲ್ಲ. ಲೇಸರ್ ಸಿವಿಡಿಯಲ್ಲಿ ಯಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡನ್ನೂ ಗಂಟೆಗೆ ಹತ್ತಾರು ಮೈಕ್ರೋಮೀಟರ್ ವೇಗದಲ್ಲಿ ಬೆಳೆಸಿದವರಿದ್ದಾರೆ, ನಿಜ. ಉದ್ದದ ಸೂಪರ್‌ಕಂಡಕ್ಟರ್ ಟೇಪ್ ಮಾಡುವವರಿಗೆ ಆ ವೇಗಕ್ಕೆ ಅರ್ಥ ಇದೆ. ಆದರೆ ಹೊಸ ಹೊಸ ಸಂಯೋಜನೆ ಪರೀಕ್ಷಿಸಬೇಕು, ಪ್ರತಿ ವಾರ ಬೇರೆ ಆಕ್ಸೈಡ್ ಅನ್ನುವವರು ಟಾರ್ಗೆಟ್ ಒತ್ತಿ ಸುಟ್ಟು ಪಿಎಲ್‌ಡಿಗೆ ಹಾಕೋದೇ ಜಾಣತನ.

ಪಿಎಲ್‌ಡಿಗೂ ತನ್ನದೇ ಕಾಯಿಲೆ ಇದೆ. ಟಾರ್ಗೆಟ್‌ನಿಂದ ಸಣ್ಣ ಹನಿಗಳು ಸಿಡಿದು ಪದರದ ಮೇಲೆ ಕೂರುತ್ತವೆ. ಟಾರ್ಗೆಟ್ ಗಟ್ಟಿಯಾಗಿ ಸುಟ್ಟಿಲ್ಲದಿದ್ದರೆ ಜಾಸ್ತಿ. ಸಿವಿಡಿಯಲ್ಲಿ ಹನಿ ಇಲ್ಲ. ಬದಲಿಗೆ ಪ್ರಿಕರ್ಸರ್‌ನ ಕಾರ್ಬನ್ ಪದರದಲ್ಲಿ ಉಳಿಯುವ ಭಯ ಇದೆ. ಆಮ್ಲಜನಕ ಸಾಕಷ್ಟು ಇದ್ದು, ಬಿಸಿ ಚೆನ್ನಾಗಿದ್ದರೆ ಅದು ಸುಟ್ಟು ಹೋಗುತ್ತದೆ. ಬಿಸಿ ಕಡಿಮೆ ಇಡುವ ಅಲ್ಟ್ರಾವಯಲೆಟ್ ಬಗೆಯಲ್ಲಿ ಇದು ಹೆಚ್ಚು ಕಾಡುತ್ತದೆ.

ಬಿಸಿ ಎಷ್ಟು ಅಂತ ನಿಜವಾಗಿ ಗೊತ್ತಾ?

ಫರ್ನೇಸ್‌ನಲ್ಲಿ ಥರ್ಮೋಕಪಲ್ ಹೇಳಿದ್ದನ್ನು ಬಹುಮಟ್ಟಿಗೆ ನಂಬಬಹುದು. ಲೇಸರ್ ಸಿವಿಡಿಯಲ್ಲಿ ನಂಬೋಕಾಗಲ್ಲ. ಥರ್ಮೋಕಪಲ್ ಇರೋದು ಸಬ್‌ಸ್ಟ್ರೇಟ್‌ನ ಹಿಂಬದಿಯಲ್ಲಿ, ಪದರ ಬೆಳೆಯೋದು ಮುಂಬದಿಯಲ್ಲಿ. ಪ್ರಖರ ಲೇಸರ್ ಬಿದ್ದಾಗ ಎರಡರ ನಡುವೆ ದೊಡ್ಡ ಅಂತರ ಇರುತ್ತದೆ. ಪೈರೋಮೀಟರ್, ಅಂದರೆ ಸೂಸುವ ಬೆಳಕಿನಿಂದ ದೂರದಿಂದಲೇ ಬಿಸಿ ಅಳೆಯುವ ಸಾಧನ, ಮುಂಬದಿಯನ್ನೇ ನೋಡುತ್ತದೆ. ಆದರೆ ಪದರ ಬೆಳೆದಂತೆ ಮೇಲ್ಮೈ ಬೆಳಕು ಸೂಸುವ ರೀತಿ ಬದಲಾಗುತ್ತದೆ, ಅಂಕಿ ಮೇಲೆ ಕೆಳಗೆ ಆಡುತ್ತದೆ. ಪೈರೋಮೀಟರ್ ನೋಡುವ ತರಂಗಾಂತರಕ್ಕೆ ಲೇಸರ್‌ನ ಬೆಳಕು ನುಸುಳಿದರೆ ಮುಗೀತು, ಓದಿದ್ದೆಲ್ಲ ಸುಳ್ಳು. ಎರಡು ತರಂಗಾಂತರ ನೋಡುವ ಪೈರೋಮೀಟರ್, ಮುಂದೆ ಲೇಸರ್ ತಡೆಯುವ ಫಿಲ್ಟರ್ ಇದ್ದರೆ ಪರವಾಗಿಲ್ಲ.

ಕಡಿಮೆ ಬಿಸಿಯಲ್ಲಿ ಪದರದ ವೇಗ ಬಿಸಿಯನ್ನು ಅವಲಂಬಿಸಿರುತ್ತದೆ, ಚೂರು ಏರಿದರೂ ವೇಗ ಜಿಗಿಯುತ್ತದೆ. ಬಿಸಿ ಸಾಕಷ್ಟು ಏರಿದ ಮೇಲೆ ವೇಗವನ್ನು ತೀರ್ಮಾನಿಸೋದು ಆವಿ ಎಷ್ಟು ಬೇಗ ತಲುಪುತ್ತದೆ ಅನ್ನೋದು. ಸಮ ದಪ್ಪ ಬೇಕಿದ್ದರೆ ಈ ಎರಡನೇ ವಲಯದಲ್ಲಿ ಕೆಲಸ ಮಾಡಿ. ಅಲ್ಲಿ ಬಿಸಿಯಲ್ಲಿ ಅಲ್ಪಸ್ವಲ್ಪ ಏರುಪೇರು ಆದರೂ ದಪ್ಪ ಅಷ್ಟಾಗಿ ಆಡಲ್ಲ. ಹರಳಿನ ರೂಪ ಮಾತ್ರ ಆಡಬಹುದು. ಟೈಟಾನಿಯಾ ಬೆಳೆಸಿದಾಗ ನಡುವೆ ರೂಟೈಲ್, ಅಂಚಿನಲ್ಲಿ ಅನಾಟೇಸ್ ಅನ್ನೋ ಅದರ ಎರಡು ಹರಳಿನ ರೂಪ ಬಂದರೆ ಆಶ್ಚರ್ಯ ಪಡಬೇಡಿ.

ಬಿರುಕಿನ ಬಗ್ಗೆ ಎರಡು ಮಾತು. ಜಿರ್ಕೋನಿಯಾ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 10 ಪಾಲು ಹಿಗ್ಗುತ್ತದೆ, ಸಿಲಿಕಾನ್ 2.6, ಕ್ವಾರ್ಟ್ಜ್ ಗಾಜು 0.5 ಮಾತ್ರ. 900 ಡಿಗ್ರಿಯಲ್ಲಿ ಗಾಜಿನ ಮೇಲೆ ಬೆಳೆದ ದಪ್ಪ ಜಿರ್ಕೋನಿಯಾ ತಣ್ಣಗಾಗುವಾಗ ಕುಗ್ಗೋಕೆ ನೋಡುತ್ತದೆ, ಗಾಜು ಬಿಡಲ್ಲ. ಬಿರುಕು ಖಚಿತ. ದಪ್ಪ ಪದರಕ್ಕೆ ಹಿಗ್ಗುವಿಕೆ ಹೊಂದುವ ಸಬ್‌ಸ್ಟ್ರೇಟ್ ಆರಿಸಿ, ಲೇಸರನ್ನು ಒಮ್ಮೆಲೇ ಆರಿಸದೆ ನಿಧಾನವಾಗಿ ಇಳಿಸಿ.

ಲೇಸರೇ ಬೇಡ ಅನ್ನುವ ದಾರಿಗಳು

ಸ್ಪಟರಿಂಗ್, ಅಂದರೆ ಪ್ಲಾಸ್ಮಾದ ಅಯಾನುಗಳಿಂದ ಟಾರ್ಗೆಟ್‌ಗೆ ಹೊಡೆದು ಪರಮಾಣು ಕಿತ್ತು ಪದರ ಮಾಡೋದು, ದೊಡ್ಡ ಜಾಗಕ್ಕೆ ಹೇಳಿ ಮಾಡಿಸಿದ್ದು. ಆಕ್ಸೈಡ್ ಟಾರ್ಗೆಟ್ ವಿದ್ಯುತ್ ಹರಿಸದ ಕಾರಣ 13.56 ಮೆಗಾಹರ್ಟ್ಜ್‌ನ ಆರ್‌ಎಫ್ (ರೇಡಿಯೋ ಆವರ್ತನದ) ವಿದ್ಯುತ್ ಬೇಕು, ಇಲ್ಲವೇ ಲೋಹದ ಟಾರ್ಗೆಟ್ ಇಟ್ಟು ಆಮ್ಲಜನಕ ಬಿಡಬೇಕು. ಗಾಜಿನ ಮೇಲೆ ಆಪ್ಟಿಕಲ್ ಲೇಪ, ಸಮ ದಪ್ಪ, ದಿನವೂ ಒಂದೇ ಫಲಿತಾಂಶ ಬೇಕು ಅಂದರೆ ಕಣ್ಣು ಮುಚ್ಚಿ ಇದನ್ನು ಆರಿಸಿ.

ಎಎಲ್‌ಡಿ ನಿಧಾನ ಅಂತ ಮೇಲೆ ಹೇಳಿದೆ. ಆದರೆ ಆಳವಾದ ಸಂದಿಗೊಂದಿಯ ಒಳಗೂ ಒಂದೇ ದಪ್ಪ ಹಾಕೋದರಲ್ಲಿ ಅದನ್ನು ಮೀರಿಸುವ ವಿಧಾನ ಇಲ್ಲ. ಕೆಲವೇ ನ್ಯಾನೋಮೀಟರ್, ಸೂಜಿಮೊನೆಯಷ್ಟೂ ತೂತಿಲ್ಲದ ಪದರ, ಸಾಮಾನ್ಯವಾಗಿ 200ರಿಂದ 300 ಡಿಗ್ರಿಯಲ್ಲಿ, ಕೆಲವು ಆಕ್ಸೈಡ್‌ಗಳಿಗೆ ಇನ್ನೂ ಕಡಿಮೆ ಬಿಸಿಯಲ್ಲಿ. 1974ರಲ್ಲಿ ಫಿನ್‌ಲೆಂಡಿನ ಟೂಮೊ ಸುಂಟೋಲಾ ಶುರು ಮಾಡಿದ ಈ ವಿಧಾನ, ಟ್ರಾನ್ಸಿಸ್ಟರ್‌ಗಳಿಗೆ ಹಾಫ್ನಿಯಂ ಆಕ್ಸೈಡ್ ಬಂದಾಗ ಚಿಪ್ ಕಾರ್ಖಾನೆಯ ಮಾಮೂಲಿ ಕೆಲಸವಾಯಿತು.

ಸೋಲ್-ಜೆಲ್ ಬಡವರ ಬಂಧು. ದ್ರಾವಣ ಹಾಕಿ ಸ್ಪಿನ್ ಮಾಡೋದು, ಒಣಗಿಸೋದು, ಸುಡೋದು. ಗೋಡೆಗೆ ಬಣ್ಣ ಬಳಿದ ಹಾಗೆ ಕೋಟ್ ಮೇಲೆ ಕೋಟ್. ಒಂದು ಕೋಟ್‌ಗೆ 50ರಿಂದ 100 ನ್ಯಾನೋಮೀಟರ್. ಮೂರ್ನಾಲ್ಕು ಲೋಹ ಬೆರೆಸೋದೂ ಸುಲಭ, ಬೀಕರ್‌ನಲ್ಲೇ ಆಗುತ್ತದೆ. ದಪ್ಪ ಒಂದು ಮೈಕ್ರೋಮೀಟರ್ ದಾಟುವಾಗ ಬಿರುಕು ಕಾಟ ಕೊಡುತ್ತದೆ. ಯಂತ್ರವೇ ಇಲ್ಲದ ಲ್ಯಾಬ್ ಹೊಸ ಆಕ್ಸೈಡ್ ನೋಡಬೇಕಿದ್ದರೆ ಇಲ್ಲಿಂದಲೇ ಶುರು ಮಾಡಲಿ, ನಾಚಿಕೆ ಪಡಬೇಕಾದ್ದೇನೂ ಇಲ್ಲ.

ಕಣ್ಣು ಮತ್ತು ಮೂಗು

1064 ನ್ಯಾನೋಮೀಟರ್ ಕಣ್ಣಿಗೆ ಕಾಣಲ್ಲ, ಆದರೆ ನೇರ ರೆಟಿನಾ ತಲುಪಿ ಸುಡುತ್ತದೆ. 10.6 ಮೈಕ್ರೋಮೀಟರ್ ಕಣ್ಣಿನ ಹೊರಪರೆಯನ್ನು ಸುಡುತ್ತದೆ. ಒಂದಕ್ಕೆ ಮಾಡಿದ ಕನ್ನಡಕ ಇನ್ನೊಂದಕ್ಕೆ ಆಗಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕವಚ ಎರಡನೇದನ್ನು ತಡೆಯಬಹುದು, ಮೊದಲನೇದನ್ನು ಸುಮ್ನೆ ಒಳಗೆ ಬಿಡುತ್ತದೆ. ಬಳಸುವ ರಾಸಾಯನಿಕಗಳಲ್ಲಿ ಸೈಲೇನ್, ಟ್ರೈಮೀಥೈಲ್ ಅಲ್ಯೂಮಿನಿಯಂ ಗಾಳಿ ತಾಗಿದರೆ ತಾವೇ ಹೊತ್ತಿಕೊಳ್ಳುತ್ತವೆ. ಒಳಗೆ ಬಿಟ್ಟ ಪ್ರಿಕರ್ಸರ್‌ನ ಬಹುಪಾಲು ಪದರ ಆಗದೆ ಪಂಪ್ ಕಡೆಗೆ ಹೋಗುತ್ತದೆ. ಪಂಪ್‌ಗೆ ಮುಂಚೆ ಆವಿಯನ್ನು ತಣ್ಣಗೆ ಮಾಡಿ ಹಿಡಿಯುವ ಕೋಲ್ಡ್ ಟ್ರ್ಯಾಪ್ ಇಲ್ಲದಿದ್ದರೆ ಪಂಪ್ ಎಣ್ಣೆ ಕೆಸರಾಗುತ್ತದೆ.

ಹಾಗಾದರೆ ನೀವು ಯಾವುದನ್ನು ಆರಿಸಬೇಕು

ನೂರಿನ್ನೂರು ನ್ಯಾನೋಮೀಟರ್, ಮೂರು ನಾಲ್ಕು ಲೋಹ, ಚಿಕ್ಕ ಹರಳಿನ ಮೇಲೆ ಎಪಿಟ್ಯಾಕ್ಸಿ (ಕೆಳಗಿನ ಹರಳಿನ ಜೋಡಣೆಯನ್ನೇ ಅನುಸರಿಸಿ ಬೆಳೆಯುವ ಪದರ): ಪಿಎಲ್‌ಡಿ. ಪ್ಲಾಸ್ಟಿಕ್‌ನಂಥ ಬಿಸಿ ತಾಳದ ವಸ್ತು: ಎಎಲ್‌ಡಿ ಅಥವಾ ಸ್ಪಟರಿಂಗ್ ಮೊದಲು ನೋಡಿ, ಅಲ್ಟ್ರಾವಯಲೆಟ್ ಲೇಸರ್ ಸಿವಿಡಿ ಆಮೇಲೆ. ಒಂದೋ ಎರಡೋ ಲೋಹದ ಆಕ್ಸೈಡ್, ಹತ್ತು ಮೈಕ್ರೋಮೀಟರ್‌ಗಿಂತ ದಪ್ಪ, ಸಬ್‌ಸ್ಟ್ರೇಟ್ 700–1000 ಡಿಗ್ರಿ ತಡೆಯುತ್ತದೆ, ಜಾಗ ಕೆಲವೇ ಚದರ ಸೆಂಟಿಮೀಟರ್: ಇದು ಲೇಸರ್ ಸಿವಿಡಿಯ ಮನೆ. ಇಲ್ಲಿ ಅನುಮಾನ ಬೇಡ. ವ್ಯಾಕ್ಯೂಮ್ ವಿಷಯದಲ್ಲೂ ಇದು ಹೆಚ್ಚು ಕೇಳಲ್ಲ, ಒತ್ತಡ ಸುಮಾರು ಒಂದು ಕಿಲೋಪ್ಯಾಸ್ಕಲ್ ಇರುವ ಕೆಲಸಕ್ಕೆ ರೋಟರಿ ಪಂಪೇ ಸಾಕಾಗುತ್ತದೆ.

ಎರಡನ್ನೂ ಸೇರಿಸುವ ದಾರಿಯೂ ಇದೆ. ಪಿಎಲ್‌ಡಿಯಲ್ಲಿ ಅಚ್ಚುಕಟ್ಟಾದ ತೆಳು ಬೀಜಪದರ ಹಾಕಿ, ಅದರ ಮೇಲೆ ಲೇಸರ್ ಸಿವಿಡಿಯಲ್ಲಿ ದಪ್ಪ ಬೆಳೆಸೋದು. ಎರಡೂ ಯಂತ್ರ ಕೈಗೆ ಸಿಗುವವರಿಗೆ ಮಾತ್ರ ಇದು.

ಇನ್ನು ಯಾರದೋ ಪ್ರಬಂಧದ ವೇಗ ನೋಡಿ ಯಂತ್ರ ಆರ್ಡರ್ ಮಾಡುವ ಮುಂಚೆ ಅದರಲ್ಲಿ ಮೂರು ವಿಷಯ ಹುಡುಕಿ. ಆ ವೇಗ ಎಷ್ಟು ಅಗಲದ ಜಾಗದ ಮೇಲೆ ಅಳೆದದ್ದು, ಬಿಸಿಯನ್ನು ಮುಂಬದಿಯಲ್ಲಿ ಅಳೆದರೋ ಹಿಂಬದಿಯಲ್ಲೋ, ಸ್ಟೇಜನ್ನು ಮೊದಲೇ ಎಷ್ಟು ಕಾಯಿಸಿದ್ದರು. ಮೂರೂ ಬರೆದಿಲ್ಲ ಅಂದರೆ ಆ ಅಂಕಿಯನ್ನು ನಿಮ್ಮ ಲೆಕ್ಕಕ್ಕೆ ಹಿಡಿಯಬೇಡಿ.